ಏಳು ಸೈಕಲ್ಲಿನ ಸಾಲು

ಬೆಳಿಗ್ಗೆ ಎಂಟೂವರೆಯ ಹೊತ್ತು. ಬೀರೂರಿನಿಂದ ಅಜ್ಜಂಪುರಕ್ಕೆ ಹೋಗುವ ರಸ್ತೆಯ ಬದಿಯ ಹಳ್ಳಿಯೊಂದರಲ್ಲಿ, ಅರಳಿಕಟ್ಟೆಗೆ ಒಂದು ಕಾಲು ಆನಿಸಿಕೊಂಡು, ಸೈಕಲ್ಲಿನಿಂದ ಇಳಿಯದೆಯೇ ಕಾಯುತ್ತಿದ್ದ ಹುಡುಗ ಎರಡು ಸಲ ಬೆಲ್ ಬಾರಿಸಿದ. ಎದುರು ಮನೆಯಿಂದ ‘ಬಂದೇ...’ ಎಂಬ ಕೂಗು ಮೊದಲು ಹೊರಬಂತು, ಆಮೇಲೆ ಸೈಕಲ್ಲಿನ ಮುಂದಿನ ಚಕ್ರ, ಅದರ ಹಿಂದೆ ಜಡೆಯ ಟೇಪನ್ನು ಹಲ್ಲಿನಲ್ಲಿ ಕಚ್ಚಿಕೊಂಡ ಹುಡುಗಿ. ಊರು ದಾಟುವಷ್ಟರಲ್ಲಿ ಮೂವರಾದರು. ಮುಂದಿನ ಕೈಮರದ ಬಳಿ ಇನ್ನಿಬ್ಬರು, ತೋಟದ ಮನೆಯ ದಾರಿ ಬಂದು ಕೂಡುವಲ್ಲಿ ಅಣ್ಣ ತಂಗಿಯರ ಜೋಡಿ. ಅಲ್ಲಿಗೆ ಏಳು. ಇದು 2019ರ ಮಾತು. ಏಳೂ ಮಂದಿ ಅಜ್ಜಂಪುರದ ಒಂದೇ ಹೈಸ್ಕೂಲಿನವರು. ಮೊದಲ ಹುಡುಗನ ಮನೆಯಿಂದ ಶಾಲೆಗೆ ಆರು ಕಿಲೋಮೀಟರ್.

ಸೈಕಲ್ಲುಗಳೂ ಹೆಚ್ಚು ಕಡಿಮೆ ಒಂದೇ ತರದವು. ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಎಂಟನೇ ತರಗತಿಗೆ ಬಂದ ಮಕ್ಕಳಿಗೆ ಸಿಕ್ಕವು. (ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತುಹೋಯಿತು.) ಗುರುತು ಸಿಗಲೆಂದು ಒಬ್ಬ ಹ್ಯಾಂಡಲ್ಲಿಗೆ ಕೆಂಪು ದಾರ ಸುತ್ತಿದ್ದ, ಇನ್ನೊಬ್ಬ ಮಡ್‌ಗಾರ್ಡಿನ ಮೇಲೆ ತನ್ನ ಹೆಸರಿನ ಜೊತೆಗೆ ಬಿಡಿಸಲು ಬಾರದ ಹುಲಿಯೊಂದನ್ನು ಬಿಡಿಸಿದ್ದ. ಅದು ಹುಲಿಯೆಂದು ಅವನೇ ಹೇಳಬೇಕಾಗಿತ್ತು.

ಇವರ ಅಪ್ಪಂದಿರ ಕಾಲದಲ್ಲಿ ಸೈಕಲ್ ಇಷ್ಟು ಸುಲಭದ ವಸ್ತುವಾಗಿರಲಿಲ್ಲ. ಗಂಟೆಗಿಷ್ಟು ಎಂದು ಬಾಡಿಗೆಗೆ ತರಬೇಕು, ತಡವಾದರೆ ಅಂಗಡಿಯವನ ಬೈಗುಳ ಕೇಳಬೇಕು. ಸ್ವಂತದ್ದಾದರೆ ಪುರಸಭೆಯ ಬಿಲ್ಲೆ ಹಾಕಿಸಬೇಕು. ಕಡೂರಿಗೂ ಬೀರೂರಿಗೂ ನಡುವೆ ಇರುವುದು ಆರೇಳು ಕಿಲೋಮೀಟರ್ ಅಷ್ಟೆ. ಎರಡೂ ಊರಿನ ಹುಡುಗರು ಕಾಲೇಜಿಗೆಂದೋ ಸಿನಿಮಾಕ್ಕೆಂದೋ ಆ ದಾರಿಯನ್ನು ಸವೆಸಿದವರೇ. ಡೈನಮೊ ದೀಪವಿಲ್ಲದೆ, ಅದೂ ಡಬಲ್ ರೈಡಿಂಗಿನಲ್ಲಿ ಹೋಗುವಾಗ ದೂರದಲ್ಲಿ ಪೊಲೀಸ್ ಟೋಪಿ ಕಂಡರೆ ಹಿಂದೆ ಕುಳಿತವನು ಹಾರಿ ನಡೆಯತೊಡಗುವುದು ಆ ಕಾಲದ ವಿದ್ಯೆ. ಆಗ ಆ ಹೆದ್ದಾರಿಯ ಸಂಖ್ಯೆ 206, ತುಮಕೂರಿನಿಂದ ಹೊನ್ನಾವರಕ್ಕೆ. ಎದುರಿಗೊಂದು ಲಾರಿ ಬಂದರೆ ಅದು ದಾಟಿದ ಮೇಲೂ ಸ್ವಲ್ಪ ಹೊತ್ತು ಮಾತಾಡಿಕೊಂಡು ಹೋಗುವಷ್ಟು ಬಿಡುವಿತ್ತು ಎಂದು ಆ ತಲೆಮಾರಿನವರು ಹೇಳುತ್ತಾರೆ. ಹಳೆಯ ಕಾಲವನ್ನು ನೆನೆಯುವಾಗ ಎಲ್ಲ ರಸ್ತೆಗಳೂ ಖಾಲಿಯೇ ಇರುತ್ತವೆ ಎನ್ನುವುದು ಬೇರೆ ಮಾತು.

ಅಜ್ಜಂಪುರದ ಈ ಏಳು ಮಂದಿಗೆ ಸಿಕ್ಕಿದ ರಸ್ತೆ ಖಾಲಿ ಇರಲಿಲ್ಲ. ಭದ್ರಾ ಮೇಲ್ದಂಡೆ ಯೋಜನೆಯ ಸುರಂಗದ ಕೆಲಸ ಅಜ್ಜಂಪುರದ ಬಳಿ ನಡೆಯುತ್ತಿದ್ದ ವರ್ಷಗಳವು. ಟಿಪ್ಪರುಗಳ ಓಡಾಟವಿತ್ತು. ಈರುಳ್ಳಿ ಕೀಳುವ ಕಾಲಕ್ಕೆ ಮೂಟೆ ಹೇರಿದ ಲಾರಿಗಳು ಸೇರಿಕೊಳ್ಳುತ್ತಿದ್ದವು. ಇವುಗಳ ನಡುವೆ ಬೈಕು, ಆಟೋ, ಕಾರು. ಅಮೃತಮಹಲ್ ಕಾವಲಿನ ಕಡೆಯಿಂದ ದನಗಳ ಹಿಂಡು ದಾಟುವಾಗ ಮಾತ್ರ ಎಲ್ಲ ವಾಹನಗಳೂ ಒಂದೇ ವೇಗಕ್ಕೆ ಬರುತ್ತಿದ್ದವು. ಆ ಕೊಂಬುಗಳಿಗೆ ಹಾರ್ನ್ ಹೊಡೆಯುವ ಧೈರ್ಯ ಯಾರಿಗೂ ಇರಲಿಲ್ಲ.

ಮೊದಮೊದಲು ಈ ಗುಂಪು ಸವಾರಿ ಎಂದರೆ ಹರಟೆಯ ಕಟ್ಟೆಗೆ ಚಕ್ರ ಕಟ್ಟಿದಂತೆ ಇತ್ತು. ಮೂವರು ಮೂವರು ಪಕ್ಕ ಪಕ್ಕ, ನಡುವಿನವನ ಕೈ ಇನ್ನೊಬ್ಬನ ಹೆಗಲ ಮೇಲೆ. ಹಿಂದಿನಿಂದ ಹಾರ್ನ್ ಕೇಳಿದರೆ ಅರ್ಧ ಮಂದಿ ಎಡಕ್ಕೆ, ಅರ್ಧ ಮಂದಿ ಬಲಕ್ಕೆ. ವಾಹನದವನಿಗೆ ಯಾವ ಕಡೆ ನುಗ್ಗುವುದೆಂದು ತಿಳಿಯದು. ಅವನು ಬೈದರೆ ಇವರಿಗೆ ನಗು. ಏರಿನಲ್ಲಿ ಟ್ರಾಕ್ಟರ್ ಸಿಕ್ಕರೆ ಟ್ರೈಲರಿನ ಹಿಂದಿನ ಕೊಂಡಿ ಹಿಡಿದು ಪೆಡಲ್ ತುಳಿಯದೆ ಸಾಗುವ ಶೂರರೂ ಇದ್ದರು. ತಂದೆ ತಾಯಿಯರಿಗೆ ಇದು ಗೊತ್ತಿರುವುದಿಲ್ಲ. ಗೊತ್ತಿದ್ದ ತಂದೆಯರು ತಾವೂ ಹಾಗೆ ಮಾಡಿದ್ದವರಾದ್ದರಿಂದ ಬಾಯಿ ಬಿಡುವುದಿಲ್ಲ. ಟ್ರೈಲರ್ ಒಂದು ಗುಂಡಿಗೆ ಇಳಿದು ಎದ್ದರೆ ಕೈ ಹಿಡಿದವನ ಸೈಕಲ್ ಅದರ ಚಕ್ರದ ಕಡೆಗೇ ಎಳೆಯಲ್ಪಡುತ್ತದೆ ಎಂಬುದನ್ನು ಮಾತ್ರ ಇಲ್ಲಿ ಹೇಳಿಬಿಡಬೇಕು.

ಒಂದು ದಿನ ಕೆಂಪು ದಾರದ ಹುಡುಗನ ಸೈಕಲ್ ಪಂಕ್ಚರ್ ಆಯಿತು. ಉಳಿದವರು ಮುಂದೆ ಹೋಗಬಹುದಾಗಿತ್ತು. ಹೋಗಲಿಲ್ಲ. ಎಲ್ಲರೂ ಇಳಿದು ತಳ್ಳಿಕೊಂಡು ಹೋದರು. ಶಾಲೆ ಮುಟ್ಟಿದಾಗ ಮೊದಲ ಪಿರಿಯಡ್ ಮುಗಿಯುತ್ತ ಬಂದಿತ್ತು. ಅದು ಗಣಿತದ ಪಿರಿಯಡ್. ಮೇಷ್ಟ್ರು ಏಳೂ ಮಂದಿಯನ್ನು ಬಾಗಿಲಲ್ಲಿ ನಿಲ್ಲಿಸಿ, ‘ಒಂದು ಟ್ಯೂಬಿಗೆ ಏಳು ಜನ ಯಾಕ್ರೋ?’ ಎಂದರು. ಯಾರೂ ಉತ್ತರಿಸಲಿಲ್ಲ. ಕೊನೆಗೆ ಜಡೆಯ ಹುಡುಗಿ, ‘ಅವನೊಬ್ಬನೇ ಆಗ್ತಾನಲ್ಲ ಸಾರ್’ ಎಂದಳು. ಮೇಷ್ಟ್ರು ಒಳಕ್ಕೆ ಬಿಟ್ಟರು. ಆದರೆ ಆ ಮಧ್ಯಾಹ್ನವೇ ಅವರು ಬಸ್ಸಿನಿಂದ ಇಳಿಯುವಾಗ ಕಂಡಿದ್ದ ಇನ್ನೊಂದು ದೃಶ್ಯವನ್ನೂ ಎತ್ತಿದರು. ಮೂವರು ಮೂವರ ಆ ಪಕ್ಕ ಪಕ್ಕದ ಸಾಲು.

ಗದರಲಿಲ್ಲ. ಕಪ್ಪು ಹಲಗೆಯ ಮೇಲೆ ಲೆಕ್ಕ ಬರೆದರು. ಒಂದು ಸೈಕಲ್ ಸುಮಾರು ಎರಡು ಮೀಟರ್ ಉದ್ದ. ಒಂದರ ಹಿಂದೊಂದು ಏಳು ಸೈಕಲ್, ನಡುವೆ ಮೂರು ಮೂರು ಮೀಟರ್ ಜಾಗ. ಸಾಲಿನ ಉದ್ದ 32 ಮೀಟರ್. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು, 15ರ ವೇಗದ ಸೈಕಲ್. ಹಿಂದೆ ಹದಿನೈದು, ಮುಂದೆ ಹದಿನೈದು ಮೀಟರ್ ಬಿಟ್ಟು ಕಾರು ಈ ಸಾಲನ್ನು ದಾಟಲು ಎಷ್ಟು ಹೊತ್ತು ಬೇಕು? ಐದು ಸೆಕೆಂಡ್. ಅಷ್ಟರಲ್ಲಿ ಕಾರು 83 ಮೀಟರ್ ಓಡಿರುತ್ತದೆ. ಎದುರಿಗೆ ಅದೇ ವೇಗದ ಇನ್ನೊಂದು ವಾಹನ ಬರುತ್ತಿದ್ದರೆ ಅದೂ 83 ಮೀಟರ್ ಓಡಿರುತ್ತದೆ. ಅಂದರೆ ಸುಮಾರು 170 ಮೀಟರ್ ರಸ್ತೆ ಖಾಲಿ ಕಾಣದೆ ಅವನು ದಾಟುವಂತಿಲ್ಲ. ‘ನಿಮ್ಮ ದಾರೀಲಿ ಅಷ್ಟು ನೇರ ಎಲ್ಲಿದೆ ಹೇಳಿ?’ ಎಂದು ಕೇಳಿದರು. ಮಕ್ಕಳು ತಿರುವುಗಳನ್ನು ಎಣಿಸಿದರು. ಹೆಚ್ಚು ಕಡೆ ಇರಲಿಲ್ಲ. ಏಳರ ಸಾಲನ್ನು ಮುರಿದು ಮೂರು, ನಾಲ್ಕು ಮಾಡಿ ನಡುವೆ ಒಂದು ಕಾರು ನುಸುಳುವಷ್ಟು ಜಾಗ ಬಿಟ್ಟರೆ? ಮೂರನ್ನು ದಾಟಲು ಸುಮಾರು 110 ಮೀಟರ್ ಸಾಕು. ಲೆಕ್ಕ ಹುಡುಗರಿಗೆ ಹಿಡಿಸಿತು. ಹೆಗಲ ಮೇಲೆ ಕೈ ಹಾಕಬೇಡಿ ಎಂಬ ಉಪದೇಶವಾಗಿದ್ದರೆ ಹಿಡಿಸುತ್ತಿರಲಿಲ್ಲವೇನೋ!

ಅಂದಿನಿಂದ ಕೆಲವು ಪದ್ಧತಿಗಳು ತಾವಾಗಿಯೇ ಬಂದವು. ಎಲ್ಲರಿಗಿಂತ ನಿಧಾನ ತುಳಿಯುವ ಚಿಕ್ಕ ತಂಗಿ ಮುಂದಿನ ಮೂವರಲ್ಲಿ. ಅವಳ ವೇಗವೇ ಎಲ್ಲರ ವೇಗ. ಜಡೆಯ ಹುಡುಗಿಯ ಕಿವಿ ಚುರುಕು, ಹಾಗಾಗಿ ಅವಳು ಕಟ್ಟಕಡೆಗೆ. ಹಿಂದಿನಿಂದ ಸದ್ದು ಕೇಳಿದರೆ ‘ಗಾಡಿ!’ ಎಂದು ಕೂಗುವುದು ಅವಳ ಕೆಲಸ. ಮುಂದಿನವನು ಗುಂಡಿ ಕಂಡರೆ ಕೈ ಕೆಳಗೆ ಮಾಡಿ ತೋರಿಸಬೇಕು. ಊರೊಳಗೆ ನಿಂತ ಕಾರುಗಳಿಂದ ಒಂದು ಬಾಗಿಲಿನಷ್ಟು ದೂರ. ಬಸ್ಸು ನಿಂತಾಗ ಎಡಗಡೆಯಿಂದ ನುಗ್ಗಬಾರದು, ಇಳಿಯುವವರು ಅಲ್ಲೇ ಇರುತ್ತಾರೆ.

ಆ ವರ್ಷದ ಶ್ರಾವಣದ ಒಂದು ಭಾನುವಾರ ಏಳು ಮಂದಿಯೂ ಅಮೃತಾಪುರಕ್ಕೆ ಹೊರಟರು. ತರೀಕೆರೆಯ ಹತ್ತಿರದ ಈ ಅಮೃತೇಶ್ವರ ದೇವಾಲಯ 1196ರಲ್ಲಿ, ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ ದಂಡನಾಯಕ ಅಮೃತೇಶ್ವರ ಕಟ್ಟಿಸಿದ್ದು. ಅಲ್ಲಿನ ಶಾಸನ ರಚಿಸಿದವನು ಕವಿ ಜನ್ನ. ಅಜ್ಜಂಪುರದಿಂದ ಅಲ್ಲಿಗೆ ಹೋಗುವುದೆಂದರೆ ಪಶ್ಚಿಮಕ್ಕೆ ಮುಖ. ಆಷಾಢದ ಗಾಳಿ ಇನ್ನೂ ಅಡಗಿರಲಿಲ್ಲ. ಎದುರುಗಾಳಿಗೆ ಸೈಕಲ್ ತುಳಿದವರಿಗೇ ಗೊತ್ತು, ಯಾರೋ ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕಿದಂತೆ ಅದು. ಉದ್ದನೆಯ ಹುಡುಗನೊಬ್ಬ ಮುಂದೆ ನಿಂತ. ಅವನ ಬೆನ್ನ ಹಿಂದೆ ಬಂದವರಿಗೆ ಗಾಳಿ ಅರ್ಧ ಸತ್ತಂತಾಯಿತು. ಅವನಿಗೆ ಏದುಸಿರು ಬಂದಾಗ ಇನ್ನೊಬ್ಬ ಮುಂದೆ ಬಂದ. ವಿದೇಶದ ದೊಡ್ಡ ಸೈಕಲ್ ಪಂದ್ಯಗಳಲ್ಲಿ ತಂಡಗಳು ಮಾಡುವುದೂ ಇದನ್ನೇ. ಇವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಚಿಕ್ಕ ತಂಗಿಯೂ ‘ನಂದೊಂದ್ಸಲ’ ಎಂದು ಹಟ ಹಿಡಿದು ಮುಂದೆ ಬಂದಳು. ಅವಳ ಹಿಂದೆ ಅಡಗಲು ಯಾರಿಗೂ ಆಗಲಿಲ್ಲ, ಆದರೂ ಒಂದು ಫರ್ಲಾಂಗ್ ಎಲ್ಲರೂ ತಲೆ ಬಗ್ಗಿಸಿ ಅಡಗಿದಂತೆ ನಟಿಸಿದರು.

ದೇವಾಲಯದ ಹೊರಗೋಡೆಯ ರಾಮಾಯಣ, ಭಾರತದ ಶಿಲ್ಪಗಳನ್ನು ನೋಡಿ, ಬುತ್ತಿ ತಿಂದು, ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಸಂಜೆಯೊಳಗೆ ಮನೆ ಸೇರಿದರು. ಒಂದು ವಾರ ಶಾಲೆಯಲ್ಲಿ ಅದೇ ಮಾತು.

ಅವಘಡ ಆದದ್ದು ಇಂಥ ದೂರದ ದಾರಿಯಲ್ಲಲ್ಲ. ದಸರಾ ರಜೆ ಮುಗಿದ ಮೇಲೆ, ನಿತ್ಯದ ರಸ್ತೆಯಲ್ಲೇ, ಊರು ಒಂದು ಕಿಲೋಮೀಟರ್ ಇರುವಾಗ. ಎದುರಿನಿಂದ ಈರುಳ್ಳಿ ಲಾರಿ ಬರುತ್ತಿತ್ತು. ‘ಗಾಡಿ!’ ಎಂಬ ಕೂಗಿಗೆ ಎಲ್ಲರೂ ಎಡಕ್ಕೆ ಸರಿದರು. ಹಿಂದಿನಿಂದ ಬಂದ ಕಾರು ಲಾರಿ ದಾಟುವವರೆಗೆ ನಾಲ್ಕು ಸೆಕೆಂಡ್ ಕಾಯಲಿಲ್ಲ. ಸಾಲಿಗೂ ಲಾರಿಗೂ ನಡುವೆ ತೂರಿತು. ಕಡೆಯಲ್ಲಿದ್ದವಳಿಗೆ ಡಾಂಬರಿನ ಮೇಲೆ ಜಾಗವೇ ಉಳಿಯಲಿಲ್ಲ. ಅಂಚು ಅರ್ಧ ಅಡಿ ತಗ್ಗು. ಚಕ್ರ ಜಾರಿತು, ಹುಡುಗಿ ಕೈಯೂರಿ ಬಿದ್ದಳು. ಮಣಿಕಟ್ಟು ಮುರಿಯಿತು. ಕಾರು ನಿಲ್ಲಲಿಲ್ಲ. ನಿಂತದ್ದು ಲಾರಿ. ಚಾಲಕ ಇಳಿದು ಬಂದು, ಅವಳ ನೋಟ್‌ಬುಕ್ಕೊಂದನ್ನು ಕೈಯಡಿಗೆ ಇಟ್ಟು ತನ್ನ ಟವೆಲ್ಲಿನಿಂದ ಕಟ್ಟಿ, ಹಿಂದೆ ಬಂದ ಆಟೋ ಹತ್ತಿಸಿದ. ‘ನನ್ನ ಮಗಳೂ ಒಂಬತ್ತನೇ ಕ್ಲಾಸು’ ಎಂದನಂತೆ.

ಸುದ್ದಿ ಮನೆಗಳಿಗೆ ಮುಟ್ಟಿತು. ಮರುದಿನದಿಂದ ಐದು ಮಕ್ಕಳು ಅಪ್ಪಂದಿರ ಬೈಕಿನಲ್ಲೋ ಆಟೋದಲ್ಲೋ ಶಾಲೆಗೆ ಬಂದರು. ರಸ್ತೆಯಲ್ಲಿ ಉಳಿದದ್ದು ಎರಡು ಸೈಕಲ್, ಆ ಅಣ್ಣ ತಂಗಿಯರದು. ಅವರ ಮನೆಯಲ್ಲಿ ಬೈಕ್ ಇರಲಿಲ್ಲ. ಒಬ್ಬ ತಂದೆಯಂತೂ ಹತ್ತನೇ ತರಗತಿಯ ಮಗನ ಕೈಗೇ ಸ್ಕೂಟರ್ ಕೊಡುವ ಯೋಚನೆ ಮಾಡಿದ. 2019ರ ತಿದ್ದುಪಡಿಯಾದ ಕಾನೂನಿನಂತೆ ಅಪ್ರಾಪ್ತರಿಂದ ವಾಹನದ ಅಪರಾಧವಾದರೆ ಪೋಷಕರಿಗೋ ಮಾಲೀಕರಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸವೂ ಆಗಬಹುದೆಂದು ಮೇಷ್ಟ್ರು ತಿಳಿಸಿದ ಮೇಲೆ ಸುಮ್ಮನಾದ.

ಈ ತಂದೆ ತಾಯಿಯರ ಭಯ ಸುಳ್ಳಲ್ಲ. ಅದನ್ನು ಹಗುರಾಗಿ ಕಾಣುವವರು ಮಕ್ಕಳನ್ನು ಸಾಕಿಲ್ಲ ಎನ್ನಬೇಕು. ಆದರೆ ಇದೇ ಭಯ ಬೇರೆ ಕಡೆ ಬೇರೆ ದಾರಿ ಹಿಡಿದದ್ದೂ ಉಂಟು. ನೆದರ್ಲೆಂಡ್ಸ್ ದೇಶದಲ್ಲಿ 1971ರ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ 400ಕ್ಕೂ ಹೆಚ್ಚು ಮಕ್ಕಳು ಸತ್ತರು. ಅಲ್ಲಿನ ಜನ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಹೆಸರಿನಲ್ಲಿಯೇ ಚಳವಳಿ ಕಟ್ಟಿದರು. ತಂದೆ ತಾಯಿಯರು ಮಕ್ಕಳ ಜೊತೆ ಬೀದಿಗಿಳಿದು ರಸ್ತೆ ತಡೆದರು. ಇಂದು ಆ ದೇಶದಲ್ಲಿ ಸೈಕಲ್ಲಿಗೆ ಪ್ರತ್ಯೇಕ ದಾರಿ ಇರುವುದು ಸಾಮಾನ್ಯ ಸಂಗತಿ. ಬ್ರಿಟನ್ನಿನಲ್ಲಿ 2022ರಲ್ಲಿ ತಿದ್ದಿದ ರಸ್ತೆ ಸಂಹಿತೆ, ಸೈಕಲ್ಲನ್ನು ದಾಟುವಾಗ ಕನಿಷ್ಠ ಒಂದೂವರೆ ಮೀಟರ್ ಜಾಗ ಬಿಡಿ ಎಂದು ಚಾಲಕರಿಗೆ ಹೇಳುತ್ತದೆ. ಕಡೂರು, ತರೀಕೆರೆ ಸೀಮೆಯಲ್ಲಿ ಹೆದ್ದಾರಿಯನ್ನು ನಾಲ್ಕು ಪಥ ಮಾಡುವ ಕೆಲಸ ನಡೆಯಿತು. ಆ ನಾಲ್ಕರ ಅಂಚಿನಲ್ಲಿ ಒಂದು ಸೈಕಲ್ಲಿನಷ್ಟು ಜಾಗ ಕೇಳುವವರು ಯಾರು? ಶಾಲೆಯ ಪೋಷಕರ ಸಭೆಯಲ್ಲಿ ಅಂಕಗಳ ಮಾತು ಮುಗಿದ ಮೇಲೆ ಇದಕ್ಕೂ ಐದು ನಿಮಿಷ ಸಿಗಬಾರದೇ?

ಜಡೆಯ ಹುಡುಗಿಯ ಕೈಗೆ ಪ್ಲಾಸ್ಟರ್ ಇದ್ದ ಆರು ವಾರ ಅವಳಪ್ಪ ಬೈಕಿನಲ್ಲಿ ಬಿಟ್ಟು ಬರುತ್ತಿದ್ದ. ತೋಟದ ಕೆಲಸ ಬಿಟ್ಟು ಬರುವ ಅವಸರ. ಒಂದು ಬೆಳಿಗ್ಗೆ ಮುಂದೆ ಆ ಎರಡು ಸೈಕಲ್ ಕಂಡವು. ಅಪ್ಪ ಉದ್ದಕ್ಕೆ ಹಾರ್ನ್ ಹೊಡೆದು, ವೇಗ ತಗ್ಗಿಸದೆ, ಚಿಕ್ಕ ತಂಗಿಯ ಹ್ಯಾಂಡಲ್ಲಿಗೆ ಒಂದು ಗೇಣು ದೂರದಲ್ಲಿ ದಾಟಿದ. ಸೈಕಲ್ ಓಲಾಡಿತು. ಹಿಂದೆ ಕುಳಿತ ಮಗಳು ತಿರುಗಿ ನೋಡಿದಳು. ಶಾಲೆಯ ಗೇಟಿನ ಬಳಿ ಇಳಿದು, ಬ್ಯಾಗನ್ನು ಸರಿಯಿರುವ ಕೈಗೆ ತೆಗೆದುಕೊಂಡು ಹೇಳಿದಳು: ‘ಅಪ್ಪಾ, ಆ ಕಾರಿನವನೂ ಹೀಗೇ ಹೋಗಿದ್ದು.’

ಅಪ್ಪ ಏನೂ ಹೇಳಲಿಲ್ಲ. ಬೈಕ್ ತಿರುಗಿಸಿಕೊಂಡು ಹೋದ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಅವಳು ಮತ್ತೆ ಸೈಕಲ್ ಹತ್ತಿದಳು. ಮನೆಯಲ್ಲಿ ಎರಡು ದಿನ ವಾದವಾಗಿರಬೇಕು. ಸೈಕಲ್ಲಿನ ಹಿಂದೆ ಹೊಸ ಕೆಂಪು ರಿಫ್ಲೆಕ್ಟರ್ ಕೂತಿತ್ತು. ಆ ವಾರದೊಳಗೆ ಹುಲಿಯ ಹುಡುಗನೂ ಬಂದ, ಕೆಂಪು ದಾರದವನೂ ಬಂದ. ಏಳು ಆಗಲಿಲ್ಲ, ಐದಾಯಿತು.

ಡಿಸೆಂಬರಿನ ಒಂದು ಸಂಜೆ ಶಾಲೆಯಲ್ಲಿ ವಿಶೇಷ ತರಗತಿ ಮುಗಿಯುವಾಗ ಹೊತ್ತು ಮುಳುಗಿತ್ತು. ಐವರೂ ಒಬ್ಬರ ಹಿಂದೊಬ್ಬರು ಹೊರಟರು. ಊರ ಹತ್ತಿರದ ಮೋರಿಯ ಕಡೆ ರಸ್ತೆ ಕಿರಿದು. ಹಿಂದಿನಿಂದ ಬೆಳಕು ಬಂತು. ‘ಗಾಡಿ!’ ಎಂದು ಕಡೆಯವಳು ಕೂಗಿದಳು. ಸಾಲು ಎಡಕ್ಕೆ ಸರಿಯಿತು. ಹಾರ್ನ್ ಕೇಳಲಿಲ್ಲ. ಬೆಳಕು ಡಿಮ್ ಆಯಿತು, ಅಷ್ಟೆ. ಮೋರಿ ಮುಗಿಯುವವರೆಗೂ ಆ ಬೈಕ್ ಸೈಕಲ್ಲಿನ ವೇಗದಲ್ಲೇ ಹಿಂದೆ ಬಂತು. ರಸ್ತೆ ಅಗಲವಾದ ಮೇಲೆ ಬಲಕ್ಕೆ ದೂರ ಸರಿದು, ನಿಧಾನವಾಗಿ ಐದನ್ನೂ ದಾಟಿ, ಮುಂದೆ ಹೋಯಿತು. ಆಗ ಅವಳಿಗೆ ನಂಬರ್ ಪ್ಲೇಟ್ ಕಂಡಿತು.

‘ನಿಮ್ಮಪ್ಪ ಅಲ್ವೇನೇ?’ ಎಂದಳು ಚಿಕ್ಕ ತಂಗಿ ಮುಂದಿನಿಂದ.

‘ಹೂಂ, ತುಳಿ ತುಳಿ’ ಎಂದಳು ಇವಳು.