ಸದ್ದಿಲ್ಲದ ಸವಾರಿ

ಬೈಂದೂರಿನಿಂದ ಬ್ರಹ್ಮಾವರದ ಕಡೆಗೆ ಹೆದ್ದಾರಿ 66ರಲ್ಲಿ ಬರುವಾಗ ಮರವಂತೆಯಲ್ಲಿ ಬಲಕ್ಕೆ ಕಡಲು, ಎಡಕ್ಕೆ ಸೌಪರ್ಣಿಕಾ. ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಅಲೆಯ ಸದ್ದೂ ಕೇಳುತ್ತದೆ, ಹೊಗೆಯಿಲ್ಲ, ಗದ್ದಲವಿಲ್ಲ. ಕುಂದಾಪುರದ ಶಾಸ್ತ್ರಿ ವೃತ್ತ ತಲುಪಿದರೆ ಆ ಮೌನವೇ ಅಪಾಯ: ಕಿವಿ ನಂಬಿ ರಸ್ತೆ ದಾಟುವ ಅಜ್ಜಿಗೆ ಗಾಡಿ ಬಂದದ್ದೇ ತಿಳಿಯದು.

ವೇಗ ಇಮ್ಮಡಿಯಾದರೆ, ಬ್ರೇಕ್ ಹಿಡಿದ ಮೇಲೆ ಸಾಗುವ ದೂರ ನಾಲ್ಮಡಿ. ಇದನ್ನು ಪರೀಕ್ಷೆಯಲ್ಲಿ ಸರಿಯಾಗಿ ಬರೆದ ಮಾಣಿಯೇ ಸಂಜೆ ಇಬ್ಬರನ್ನು ಹಿಂದೆ ಕೂರಿಸಿಕೊಂಡು ಹೋದದ್ದನ್ನು ಕಂಡೆ.

ಲೈಸೆನ್ಸ್ ಬೇಡವೆಂಬ ವಿನಾಯಿತಿ ಗಂಟೆಗೆ 25 ಕಿ.ಮೀ. ಒಳಗಿನ, 250 ವಾಟ್‌ಗಿಂತ ಕಡಿಮೆ ಶಕ್ತಿಯ ಗಾಡಿಗೆ ಮಾತ್ರ. ಉಳಿದವನ್ನು ಅಪ್ರಾಪ್ತರು ಓಡಿಸಿದರೆ, 2019ರ ತಿದ್ದುಪಡಿಯಂತೆ ಹೆತ್ತವರಿಗೆ 25,000 ರೂಪಾಯಿ ದಂಡ, ಜೈಲೂ ಆಗಬಹುದು.

ಹೆತ್ತವರೇ, ವಯಸ್ಸಾಗುವ ತನಕ ಕೀಲಿ ನಿಮ್ಮಲ್ಲೇ ಇರಲಿ. ಕಡಲನ್ನು ಬಸ್ಸಿನ ಕಿಟಕಿಯಿಂದಲೂ ಕಾಣಬಹುದು.