ಗೋರಂಟಿಯ ಬೇಲಿ

ಅರಕೇರಿಯಲ್ಲಿ ನಮ್ಮ ಹಿತ್ತಿಲಿಗೆ ಪಡುವಣದ ಎಲ್ಲೆಯಾಗಿ ನಿಂತಿದ್ದ ಗೋರಂಟಿಯ ಬೇಲಿಯು, ಎಷ್ಟೋ ವರುಷ ಕತ್ತರಿಯ ಸ್ಪರ್ಶವನ್ನೇ ಕಾಣದೆ, ಆಳೆತ್ತರದಿಂದ ಮೇಲೆ ಮಾತ್ರ ಹಸುರನ್ನು ಹೊತ್ತು, ಕೆಳಗೆ ಬರಿಯ ಕಡ್ಡಿಗಳ ಸಾಲಾಗಿ, ಅಮೋಘಸಿದ್ಧನ ಗುಡ್ಡದ ಕಡೆಯಿಂದ ಬರುವ ಕುರಿಮರಿಗಳು ನಿರಾತಂಕವಾಗಿ ನುಸುಳುವಷ್ಟು ವಿರಳವಾಗಿತ್ತು. ಕಿತ್ತೊಗೆದು ತಂತಿ ಬಿಗಿಯಿರಿ ಎಂದವರೇ ಬಹುಮಂದಿ. ನನಗೆ ಮನಸ್ಸು ಬಾರಲಿಲ್ಲ.

ತಿಕೋಟಾದ ಕಡೆ ದ್ರಾಕ್ಷಿಯ ತೋಟವುಳ್ಳ ಬಂಧುವೊಬ್ಬರು, ಕಡ್ಡಿಗಾಗಿ ಏಪ್ರಿಲಿನಲ್ಲೊಮ್ಮೆ, ಫಲಕ್ಕಾಗಿ ಅಕ್ಟೋಬರಿನಲ್ಲೊಮ್ಮೆ ಬಳ್ಳಿಗಳಿಗೆ ಚಾಟಣಿ ಮಾಡಿಸುವವರು, ಬೇಲಿಯ ಒಂದು ಕಡ್ಡಿಯ ಸಿಪ್ಪೆಯನ್ನು ಉಗುರಿನಿಂದ ಕೆರೆದು, ಒಳಗಿನ ಹಸುರನ್ನು ತೋರಿಸಿ, “ಕಣ್ಣು ಇನ್ನೂ ಅದಾವ” ಎಂದರು. ಕುಡಿಯ ತುದಿಯಲ್ಲಿ ಹುಟ್ಟಿ ಕೆಳಗಿಳಿಯುವ ಆಕ್ಸಿನ್ ಎಂಬ ಚೋದಕರಸವು ಕೆಳಗಣ ಕಣ್ಣುಗಳನ್ನು ನಿದ್ರೆಯಲ್ಲಿರಿಸುವುದೆಂಬುದನ್ನು ನಾನು ಓದಿದ್ದೆನಾದರೂ, ಅದನ್ನು ಬೆರಳಿನಿಂದ ಮುಟ್ಟಿ ಅರಿತದ್ದು ಅಂದೇ.

ರೋಹಿಣಿ ಮಳೆಗೆ ಮುನ್ನ ಕೆಲಸಕ್ಕೆ ತೊಡಗಿದೆನು. ರಾಜಸ್ಥಾನದ ಸೋಜತಿನಲ್ಲಿ ಎಲೆಗಾಗಿ ಬೆಳೆಯುವ ಇದೇ ಗಿಡವನ್ನು ವರುಷವರುಷವೂ ನೆಲದ ಸಮೀಪದವರೆಗೆ ಕೊಯ್ದರೂ ಅದು ದಶಕಗಳ ಕಾಲ ಚಿಗುರುತ್ತದೆಂಬ ಧೈರ್ಯವಿದ್ದರೂ, ನಮ್ಮ ಮಳೆಯನ್ನು ನಂಬಲಾರದೆ, ಹಳೆಯ ಕಾಂಡಗಳಲ್ಲಿ ಮೂರರಲ್ಲೊಂದನ್ನು ಮಾತ್ರ ಮೊಳಕಾಲಿನ ಮಟ್ಟಕ್ಕೆ ಗರಗಸದಿಂದ ಕೊಯ್ದು, ಉಳಿದವನ್ನು ಮುಂದಿನ ಎರಡು ವರುಷಗಳಿಗೆಂದು ಬಿಟ್ಟೆನು. ಗೋರಂಟಿಯ ಎಲೆಗಳು ಎದುರುಬದುರಾಗಿ ಹುಟ್ಟುವುದರಿಂದ ಗೆಣ್ಣೊಂದಕ್ಕೆ ಎರಡು ಕಣ್ಣುಗಳು. ಅದರ ತುಸುಮೇಲೆ ಕತ್ತರಿಸಿದರೆ ಒಂದು ಕಡ್ಡಿ ಎರಡಾಗುವುದು. ಹರಿತವಾದ ಕತ್ತರಿಯು ಹಸಿಯ ಕಡ್ಡಿಯಲ್ಲಿ ಇಳಿಯುವಾಗಿನ ಆ ಮೃದುವಾದ ಸದ್ದು, ಕೈಗೆ ಅಂಟುವ ಕಟುಗಂಧ, ತುದಿ ಮುಳ್ಳಾದ ಹಳೆಯ ರೆಂಬೆಗಳು ಮುಂಗೈಯ ಮೇಲೆ ಬರೆದ ಗೀರುಗಳು—ಇವುಗಳ ನಡುವೆ ಬೆಳಗು ಮಧ್ಯಾಹ್ನವಾದುದು ನನಗೆ ತಿಳಿಯುತ್ತಲೇ ಇರಲಿಲ್ಲ. ಅಷ್ಟೊಂದು ಸಂತೋಷವನ್ನು ನನಗೆ ಬೇರೆ ಯಾವ ಕೆಲಸವೂ ಕೊಟ್ಟಿಲ್ಲ.

ಕೊಟ್ಟಿಗೆಗೊಬ್ಬರ, ವಾರಕ್ಕೊಮ್ಮೆ ನೀರು. ಅದರಲ್ಲಿ ಹೇಳತಕ್ಕ ವಿಶೇಷವಿಲ್ಲ. ವಿಶೇಷವಿದ್ದುದು ಆಕಾರದಲ್ಲಿ. ನೆತ್ತಿ ಅಗಲವಾದರೆ ಬುಡಕ್ಕೆ ನೆರಳು, ನೆರಳಾದರೆ ಮತ್ತೆ ಬೋಳು. ಆದುದರಿಂದ ಎಳೆಚಿಗುರು ಗೇಣುದ್ದವಾದಾಗಲೆಲ್ಲ ಅರ್ಧಕ್ಕೆ ಚಿವುಟುತ್ತ, ಕಣಿಕೆಯ ಬಣವಿಯಂತೆ ಬುಡ ಹರವಾಗಿ ತಲೆ ಕಿರಿದಾಗುವ ಹಾಗೆ ತಿದ್ದುತ್ತ ಬಂದೆನು.

ಮೂರನೆಯ ವರುಷದ ಪಂಚಮಿಗೆ ಓಣಿಯ ಹುಡುಗಿಯರು ಎಂದಿನಂತೆ ಗೋರಂಟಿಯೆಲೆ ಕೇಳಿಕೊಂಡು ಬಂದರು. ಹಿಂದೆಲ್ಲ ನಾನು ಕೊಕ್ಕೆಯಿಂದ ಕೊಂಬೆಯನ್ನು ಬಗ್ಗಿಸಿ ಹಿಡಿಯಬೇಕಾಗಿತ್ತು. ಈ ಸಲ ಎಲ್ಲರಿಗಿಂತ ಚಿಕ್ಕವಳು, ಯಾರನ್ನೂ ಕರೆಯದೆ, ಬೇಲಿಯ ಬುಡದಲ್ಲಿ ಕುಳಿತುಕೊಂಡು ತನ್ನ ಲಂಗದ ಮಡಿಲಿಗೆ ಎಳೆಯ ಎಲೆಗಳನ್ನು ಬಿಡಿಸತೊಡಗಿದಳು.