ಹುಣಸೆಯ ಪಕ್ಷಪಾತ

ಬಯಲುಸೀಮೆಯವರಿಗೆ ಹುಳಿಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹಿರಿಯೂರು, ಹೊಸದುರ್ಗದ ಕಡೆ ರಸ್ತೆ ಬದಿಯಲ್ಲಿ ನೆರಳು ಅಂತ ಸಿಕ್ಕರೆ ಎಷ್ಟೋ ಸಲ ಅದು ಹುಣಸೆಮರದ್ದೇ. ರಾತ್ರಿ ಅದರ ಕೆಳಗೆ ಮಲಗಬೇಡಿ, ದೆವ್ವ ಇರುತ್ತೆ ಎಂದು ಅಜ್ಜಿಯರು ಹೆದರಿಸುತ್ತಿದ್ದರು. ಬೆಳಗಾದರೆ ಅದೇ ಅಜ್ಜಿಯರು ಸೆರಗಿನ ತುಂಬ ಹಣ್ಣು ಆಯ್ದುಕೊಂಡು ಬರುತ್ತಿದ್ದರು. ದೆವ್ವಕ್ಕೆ ರಾತ್ರಿ ಪಾಳಿ ಮಾತ್ರ ಇದ್ದಿರಬೇಕು.

ಆ ಹುಳಿಗೆ ಮುಖ್ಯ ಕಾರಣ ಟಾರ್ಟಾರಿಕ್ ಆಮ್ಲ. ತಿರುಳಿನಲ್ಲಿ ಅದು ನೂರಕ್ಕೆ 8ರಿಂದ 18 ಪಾಲಿನವರೆಗೂ ಇರುತ್ತದೆ. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹೊಂದದಂತೆ ಈ ಅಣುವೂ ತನ್ನ ಕನ್ನಡಿ ಬಿಂಬಕ್ಕೆ ಹೊಂದುವುದಿಲ್ಲ. ಪರಮಾಣುಗಳು ಅವೇ, ಕೊಂಡಿಗಳೂ ಅವೇ, ತಿರುಗಿ ನಿಂತ ಬಗೆ ಮಾತ್ರ ಬೇರೆ. ಲ್ಯಾಬಿನಲ್ಲಿ ಸುಮ್ಮನೆ ತಯಾರಿಸಿದರೆ ಎರಡೂ ರೂಪ ಸಮಪಾಲಾಗಿ ಬರುತ್ತವೆ. ಹುಣಸೆಮರ ಕಟ್ಟುವುದು ಒಂದನ್ನೇ. 1848ರಲ್ಲಿ ಲೂಯಿ ಪಾಶ್ಚರ್ ಇದೇ ಆಮ್ಲದ ಲವಣದ ಹರಳುಗಳನ್ನು ಚಿಮಟದಲ್ಲಿ ಹಿಡಿದು, ಎಡ ಯಾವುದು ಬಲ ಯಾವುದು ಎಂದು ಒಂದೊಂದಾಗಿ ಆರಿಸಿ ಗುಟ್ಟು ಬಿಡಿಸಿದರು.

ತಾಮ್ರದ ಚೊಂಬಿನ ಕಿಲುಬಿಗೆ ಈ ಭೇದ ಗೊತ್ತಿಲ್ಲ, ಯಾವ ರೂಪ ಹಾಕಿ ತಿಕ್ಕಿದರೂ ಹೋಗುತ್ತದೆ. ಹೊಳಲ್ಕೆರೆಯ ಅಡಿಕೆಗೂ ಇದರ ಗೊಡವೆಯಿಲ್ಲ. ಅಡಿಕೆಯ ಅಮಲಿಗೆ ಕಾರಣವಾದ ಅರೆಕೋಲಿನ್ ಅಣುವಿಗೆ ಎಡಬಲವೇ ಇಲ್ಲ, ಕನ್ನಡಿಯೊಳಗೂ ಅದೇ ಮುಖ. ಆದರೆ ನಮ್ಮ ಮೈ ಹಾಗಲ್ಲ. ಜೋಗಿಮಟ್ಟಿಯ ಗಾಳಿಗೆ ದುರ್ಗದ ಧೂಳೆದ್ದು ಸೀನು ಹತ್ತಿತೆನ್ನಿ. ಮೆಡಿಕಲ್ ಶಾಪಿನಲ್ಲಿ ಸೆಟ್ರಿಜಿನ್ ಕೊಟ್ಟರೆ 10 ಮಿಲಿಗ್ರಾಂ, ಲೆವೊಸೆಟ್ರಿಜಿನ್ ಕೊಟ್ಟರೆ 5. ಮೊದಲನೆಯದರಲ್ಲಿ ಎರಡೂ ರೂಪ ಅರ್ಧರ್ಧ, ದುಡಿಯುವುದು ಹೆಚ್ಚುಕಡಿಮೆ ಒಂದೇ. ಎರಡನೆಯದರಲ್ಲಿ ದುಡಿಯುವವನನ್ನಷ್ಟೇ ಉಳಿಸಿಕೊಂಡಿದ್ದಾರೆ.

ಎರಡನ್ನೂ ಮಾಡಿ ಆಮೇಲೆ ಆರಿಸುತ್ತ ಕೂತರೆ ಅರ್ಧ ಮಾಲು ದಂಡ. ಮೊದಲಿಗೇ ಒಂದನ್ನೇ ಮಾಡುವ ಬಗೆಯೊಂದನ್ನು 1980ರಲ್ಲಿ ಬ್ಯಾರಿ ಶಾರ್ಪ್‌ಲೆಸ್ ಮತ್ತು ತ್ಸುತೊಮು ಕತ್ಸುಕಿ ತೋರಿಸಿದರು. ಕೆಲವು ಬಗೆಯ ಆಲ್ಕೊಹಾಲ್ ಅಣುಗಳಲ್ಲಿ ಜೋಡಿಕೊಂಡಿಯಿರುವ ಭಾಗ ಚಪ್ಪಟೆ. ಆಮ್ಲಜನಕ ಅದರ ಮೇಲೂ ಕೂರಬಹುದು, ಕೆಳಗೂ ಕೂರಬಹುದು. ಇವರು ಟೈಟೇನಿಯಂ ಜತೆ ಟಾರ್ಟಾರಿಕ್ ಆಮ್ಲದ ಎಸ್ಟರನ್ನು ಸೇರಿಸಿದರು. ಅದು ಒಂದು ಬದಿಗೆ ಅಡ್ಡ ನಿಂತು ಇನ್ನೊಂದು ಬದಿಗೆ ದಾರಿ ಬಿಟ್ಟಿತು. ನೂರಕ್ಕೆ 95ಕ್ಕೂ ಹೆಚ್ಚು ಪಾಲು ಒಂದೇ ರೂಪ ಬರುವುದು ಇಲ್ಲಿ ಅಪರೂಪವಲ್ಲ. ಉಳಿದ ರೂಪ ಬೇಕೆಂದರೆ ಟಾರ್ಟಾರಿಕ್ ಆಮ್ಲವನ್ನು ಅದರ ಕನ್ನಡಿ ಬಿಂಬಕ್ಕೆ ಬದಲಿಸಿದರಾಯಿತು. 2001ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ನೋಲ್ಸ್ ಮತ್ತು ನೊಯೊರಿ ಜತೆ ಶಾರ್ಪ್‌ಲೆಸ್ ಹಂಚಿಕೊಂಡರು.

ಊರ ಪಂಚಾಯಿತಿಗೆ ಕಟ್ಟೆ ಮೇಲೆ ಕೂರುವವರು ಯಾರ ಕಡೆಗೂ ವಾಲಬಾರದು. ಈ ಕೆಲಸಕ್ಕೆ ಮಾತ್ರ ವಾಲಿದವರೇ ಬೇಕು. ಎಡಬಲವಿಲ್ಲದ ಸಾಮಗ್ರಿಗಳನ್ನಷ್ಟೇ ಬೆರೆಸಿ ಎಷ್ಟು ಕುದಿಸಿದರೂ ಸಿಗುವುದು ಸಮಪಾಲೇ. ಅದಕ್ಕೇ ರಸಾಯನಶಾಸ್ತ್ರಜ್ಞರು ಗಿಡಮರಗಳ ಹತ್ತಿರ ಸಾಲಕ್ಕೆ ಹೋಗುತ್ತಾರೆ, ಅವು ಯಾವತ್ತೋ ಒಂದು ಕಡೆಗೆ ವಾಲಿಯಾಗಿದೆ.

ನಮ್ಮ ಜಿಲ್ಲೆಯ ಪಿಯುಸಿ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಈ ಪಾಠಕ್ಕೆ ಬೋರ್ಡಿನ ಮೇಲೆ ಚಿತ್ರ ಬರೆಯುವ ಮೊದಲು ಮಕ್ಕಳಿಗೆ ಒಂದೊಂದು ಹುಣಸೆಹಣ್ಣು ಹಂಚಿಬಿಡಿ.